ಎರಡು ಗೆರೆ

ನನ್ನ ಮಿಲ್ಲಿಂಗ್ ಮೆಷಿನ್ನಿಗೆ ಮೂರು ಅಕ್ಷಗಳು. ಎಕ್ಸ್ ಎಡಬಲಕ್ಕೆ, ವೈ ಹಿಂದೆಮುಂದೆ, ಝೆಡ್ ಮೇಲೆಕೆಳಗೆ. ಒಂದಕ್ಕೊಂದು ಲಂಬವಾಗಿರುವುದರಿಂದ ಒಂದು ಇನ್ನೊಂದರ ತಂಟೆಗೆ ಹೋಗುವುದಿಲ್ಲ. ಎಕ್ಸ್ ಎಷ್ಟೇ ದೂರ ಸರಿಯಲಿ, ವೈ ಕೂದಲೆಳೆಯಷ್ಟೂ ಕದಲುವುದಿಲ್ಲ. ಈ ನಡತೆ ನಮ್ಮ ಅತ್ತಿಗೆಗೆ ಬಂದಿದ್ದರೆ ಮನೆ ನೆಮ್ಮದಿಯಾಗಿರುತ್ತಿತ್ತು.

ಆ ಬೆಳಿಗ್ಗೆ ನಾನು ಕಡಿದ ನಲವತ್ತು ಉಕ್ಕಿನ ತುಂಡುಗಳಿಗೂ ಕೆಂಪು ಬಣ್ಣ ಬಿದ್ದಿತ್ತು. ನಮ್ಮ ಕಾರ್ಖಾನೆಯಲ್ಲಿ ಕೆಂಪು ಎಂದರೆ ತಿರಸ್ಕೃತ. ಬಳಿಯುವವರು ತಪಾಸಣೆಯ ಹಿರಿಯರು, ಅವರನ್ನು ಎಲ್ಲರೂ ಕೆಂಪುಕುಂಚ ಎಂದೇ ಕರೆಯುತ್ತಿದ್ದರು. ತೊಂಬತ್ತು ಡಿಗ್ರಿ ಇದೆಯೋ ಇಲ್ಲವೋ ಎಂದು ನೋಡಲು ಅವರ ಬಳಿ ಒಂದು ಮೂಲೆಮಟ್ಟವಿತ್ತು. ಕಾರ್ಖಾನೆಯ ಯಜಮಾನರ ತಂದೆಯ ಕಾಲದ್ದು, ಮಖಮಲ್ಲಿನ ಪೆಟ್ಟಿಗೆಯಲ್ಲಿ ಮಲಗಿರುತ್ತಿತ್ತು. ಅದು ಸೊಟ್ಟ ಎಂದರೆ ಸೊಟ್ಟ, ಅಷ್ಟೇ.

ಹನ್ನೆರಡು ವರ್ಷದ ಹಿಂದೆ ಇದೇ ಮಟ್ಟ ನನ್ನ ಅಪ್ಪನನ್ನು ಇದೇ ಮೆಷಿನ್ನಿನ ಕೆಲಸದಿಂದ ತೆಗೆಸಿತ್ತು. ಅಂದಿನಿಂದ ಅವರು ಎಲ್ಲರ ಬಾಯಲ್ಲೂ ‘ಸೊಟ್ಟಕೈ’. ಈಗ ನನಗೂ ಅದೇ ಹೆಸರು ಕಟ್ಟುವ ತಯಾರಿ ನಡೆದಿತ್ತು. ಸಂಜೆಯೊಳಗೆ ಸರಿಪಡಿಸದಿದ್ದರೆ ಪ್ಯಾಕಿಂಗ್‌ಗೆ ಹೋಗು ಎಂದು ಯಜಮಾನರು ಹೇಳಿಕಳಿಸಿದರು.

ಸರಿಪಡಿಸುವ ದಾರಿ ಎಲ್ಲರಿಗೂ ಗೊತ್ತಿತ್ತು. ಮಟ್ಟ ಒಪ್ಪುವ ತನಕ ಮೆಷಿನ್ನಿನ ತಲೆಯನ್ನು ಒಂದಿಷ್ಟು ವಾಲಿಸಿಬಿಡುವುದು. ಪಕ್ಕದ ಮೆಷಿನ್ನಿನವನು ವರ್ಷಗಳಿಂದ ಹಾಗೇ ಮಾಡುತ್ತಿದ್ದ. ಗಿರಾಕಿಗಳು ಮಾಲು ವಾಪಸ್ ಕಳಿಸಿದರೆ ತಪ್ಪನ್ನು ಲಾರಿಯವರ ತಲೆಗೆ ಕಟ್ಟುತ್ತಿದ್ದರು. ಅಪ್ಪ ವಾಲಿಸಲಿಲ್ಲ. ನನಗೂ ಮನಸ್ಸು ಒಪ್ಪಲಿಲ್ಲ. ಮಟ್ಟ ಒತ್ತಿ ಹಿಡಿದಾಗ ನಲವತ್ತು ತುಂಡುಗಳಲ್ಲೂ ನಡುವಿನ ಸಂದಿಯಿಂದ ಬೆಳಕು ಒಂದೇ ಜಾಗದಲ್ಲಿ, ಒಂದೇ ಅಳತೆಯಲ್ಲಿ ನುಸುಳುತ್ತಿತ್ತು. ಸೊಟ್ಟ ಕೈ ಇಷ್ಟು ಶಿಸ್ತಾಗಿ ತಪ್ಪು ಮಾಡುತ್ತದೆಯೇ? ಪಿತ್ತ ನೆತ್ತಿಗೇರಿತು.

ಅಂಚು ನೇರವಿದ್ದ ಒಂದು ತಗಡಿಗೆ ನೀಲಿ ಬಣ್ಣ ಬಳಿದು ತಪಾಸಣೆಯ ಮೇಜಿಗೆ ಹೋದೆ. ಕೇಳದೆಯೇ ಪೆಟ್ಟಿಗೆ ತೆರೆದೆ. ಮಟ್ಟವನ್ನು ತಗಡಿನ ಅಂಚಿಗೆ ಒತ್ತಿ ಒಂದು ಗೆರೆ ಗೀರಿದೆ. ಆಮೇಲೆ ಮಟ್ಟವನ್ನು ಮಗುಚಿ, ಅದೇ ಬುಡದಿಂದ ಇನ್ನೊಂದು ಗೆರೆ. ಮಟ್ಟ ನೆಟ್ಟಗಿದ್ದರೆ ಎರಡೂ ಒಂದರ ಮೇಲೊಂದು ಕೂರಬೇಕು. ಕೂರಲಿಲ್ಲ. ಬುಡದಲ್ಲಿ ಒಂದಾಗಿದ್ದವು ತುದಿಯಲ್ಲಿ ಬೇರೆಯಾಗಿದ್ದವು, ನಡುವೆ ನೀಲಿ ಕಾಣುತ್ತಿತ್ತು.

ಅಷ್ಟರಲ್ಲಿ ಯಜಮಾನರು ಬಂದು ನಿಂತಿದ್ದರು. ಕೆಂಪುಕುಂಚ ಕನ್ನಡಕ ಏರಿಸಿ ನೋಡಿದರು, ತಾವೇ ಇನ್ನೊಮ್ಮೆ ಗೀರಿದರು, ಮತ್ತೆ ಅದೇ ಬಂತು. ಯಜಮಾನರು ನನ್ನನ್ನು ಬದಿಗೆ ಕರೆದು ತಗ್ಗಿದ ದನಿಯಲ್ಲಿ ರಾಜಿಗೆ ಬಂದರು. ನನ್ನ ತುಂಡುಗಳು ಪಾಸು, ಮೆಷಿನ್ನೂ ನನ್ನದೇ, ಮಟ್ಟ ಮಾತ್ರ ಸುಮ್ಮನೆ ಪೆಟ್ಟಿಗೆ ಸೇರಲಿ, ಮಾತು ಹೊರಗೆ ಹೋಗುವುದು ಬೇಡ.

ನನಗೆ ಅಪ್ಪನ ಮುಖ ನೆನಪಾಯಿತು. ಹನ್ನೆರಡು ವರ್ಷದಿಂದ ಅವರು ಊಟಕ್ಕೆ ಕೂತಾಗಲೂ ತಮ್ಮ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಾರೆ. ಮೇಜಿನ ಬಳಿಗೆ ಬಂದು ಬಣ್ಣದ ಡಬ್ಬಿಯಿಂದ ಕುಂಚ ಎತ್ತಿ ಯಜಮಾನರ ತಂದೆಯ ಮಟ್ಟದ ಮೇಲೆ ಅಡ್ಡಕ್ಕೆ ದಪ್ಪನೆಯ ಕೆಂಪು ಗೆರೆ ಎಳೆದೆ. ಮೆಷಿನ್ನುಗಳು ಒಂದೊಂದಾಗಿ ನಿಂತವು.

“ನಾಳೆಯಿಂದ ನೀನು ಬರ್ಬೇಡ,” ಎಂದರು ಯಜಮಾನರು.

“ಬರ್ತೀನಿ. ಅಪ್ಪನ್ನೂ ಕರ್ಕೊಂಡು ಬರ್ತೀನಿ. ಯಾರ ಕೈ ಸೊಟ್ಟ ಅಂತ ಇವರೆಲ್ಲರ ಮುಂದೆ ನೀವೇ ಅವರಿಗೆ ಹೇಳಿ.”

ಯಜಮಾನರು ತಪಾಸಣೆಯ ಹಿರಿಯರ ಕಡೆ ತಿರುಗಿ ಮಟ್ಟವನ್ನು ಒರೆಸಿ ಒಳಗಿಡಲು ಹೇಳಿದರು. ಹಿರಿಯರು ಮಟ್ಟವನ್ನು ಎತ್ತಿಕೊಂಡರು. ಒರೆಸಲಿಲ್ಲ. ನಿಧಾನಕ್ಕೆ ನಡೆದುಹೋಗಿ ತಿರಸ್ಕೃತ ಮಾಲಿನ ತೊಟ್ಟಿಗೆ ಹಾಕಿದರು.

“ಅವರನ್ನ ನೀನು ಕರ್ಕೊಂಡು ಬರೋದು ಬೇಡಮ್ಮ,” ಎಂದರು ನನಗೆ. “ಅವತ್ತು ಅವರ ಮಾಲಿಗೆ ಕೆಂಪು ಬಳಿದೋನು ನಾನು. ಕರೆಯೋಕೆ ನಾನೇ ಹೋಗ್ತೀನಿ.”