ಹಾಲಪ್ಪನವರ ಇಮ್ಮಡಿ ಮೈಲಿ

ಹ್ಯೂಸ್ಟನ್ ಪಕ್ಕದ ನಮ್ಮ ಕೇಟಿಯಿಂದ ಆಸ್ಟಿನ್‌ಗೆ ಎಷ್ಟು ದೂರ ಎಂದು ಯಾರನ್ನೇ ಕೇಳಿ, ನೂರ ನಲವತ್ತು ಮೈಲಿ ಎನ್ನುತ್ತಾರೆ. ಹಾಲಪ್ಪನವರು ಮಾತ್ರ ಇನ್ನೂರ ಎಂಬತ್ತು ಎನ್ನುತ್ತಾರೆ. ತಕರಾರು ತೆಗೆದರೆ ಕನ್ನಡಕವನ್ನು ಹಣೆಗೇರಿಸಿ, "ಬರೂದು ಬ್ಯಾಡೇನ್ರಿ?" ಎಂದು ನಮ್ಮನ್ನೇ ದಡ್ಡರನ್ನಾಗಿಸುತ್ತಾರೆ. ಧಾರವಾಡದ ಅವರ ಮನೆಯಲ್ಲಿ 'ಹೋಗ್ತೀನಿ' ಎಂದವನನ್ನು ಹೊಸ್ತಿಲಲ್ಲೇ ತಡೆದು, 'ಹೋಗಿ ಬರ್ತೀನಿ' ಎನ್ನಿಸಿಯೇ ಬಿಡುವ ಪದ್ಧತಿಯಿತ್ತಂತೆ. ನಮ್ಮೆಲ್ಲರ ಬಾಯಲ್ಲಿ ಬರಿಯ ಉಪಚಾರವಾಗಿ ಉಳಿದ ಆ ಮಾತನ್ನು ಈ ಮಹಾನುಭಾವರು ಉದ್ಯೋಗವನ್ನಾಗಿಯೇ ಮಾಡಿಕೊಂಡರು.

ಹ್ಯೂಸ್ಟನ್ನಿನಲ್ಲಿ ಕುಳಿತು, ಅಲಾಸ್ಕಾದ ಉತ್ತರ ತುದಿಯಲ್ಲಿ ತೈಲ ಕೆಲಸಗಾರರನ್ನೂ ರೋಗಿಗಳನ್ನೂ ಹೊತ್ತು ಹಾರುವ ಪುಟ್ಟ ವಿಮಾನಗಳಿಗೆ ಇಂಧನವೆಷ್ಟು, ಹೊತ್ತೆಷ್ಟು ಎಂದು ಗುಣಿಸಿ ಹೊರಡಲು ಅಪ್ಪಣೆ ಕೊಡುವುದು ಅವರ ಕೆಲಸ. ಡೆಡ್‌ಹಾರ್ಸ್ ಮತ್ತು ಉಟ್ಕಿಯಾಗ್ವಿಕ್ ಎಂಬ ಅಲ್ಲಿನ ಎರಡು ನಿಲ್ದಾಣಗಳ ನಡುವೆ ಇನ್ನೂರು ಮೈಲಿ, ಸುಮಾರು ಒಂದು ಗಂಟೆಯ ಹಾರಾಟ. ರಸ್ತೆಯಿಲ್ಲ, ಬರೀ ಹಿಮ. ಅಲ್ಲಿ ಒಮ್ಮೆಯೂ ಕಾಲಿಡದ ಹಾಲಪ್ಪನವರು, ಮಂಜು ಕವಿದು ಇಳಿಯಲಾಗದಿದ್ದರೆ ಹಿಂದಿರುಗುವಷ್ಟು ಇಂಧನವಿಲ್ಲದೆ ಒಂದು ವಿಮಾನವನ್ನೂ ಬಿಟ್ಟವರಲ್ಲ. ಟೆಕ್ಸಸ್ಸಿನ ಉರಿಬಿಸಿಲಲ್ಲೂ ಉಣ್ಣೆಯ ಕೋಟು ತೊಟ್ಟೇ ಕೆಲಸಕ್ಕೆ ಕೂರುತ್ತಾರೆ. ಕೇಳಿದರೆ, "ಅಲ್ಲಿ ಮೈನಸ್ ನಲವತ್ತು ಐತ್ರಿ" ಎಂಬ ಉತ್ತರ.

ಹೋದ ಫೆಬ್ರವರಿಯ ಒಂದು ಶನಿವಾರ ಮಧ್ಯಾಹ್ನ ಅವರ ಮನೆಗೆ ಊಟಕ್ಕೆ ಹೋಗಿದ್ದೆ. ಅವರ ಒಬ್ಬಳೇ ಮಗಳು ಸಾನ್ವಿ ಉಟ್ಕಿಯಾಗ್ವಿಕ್‌ನಲ್ಲಿ ವೈದ್ಯೆ. ಅಂದು ಮನೆಯಿಂದಲೇ ತುರ್ತು ಕರೆ ನೋಡಿಕೊಳ್ಳುವ ಪಾಳಿ ಹಾಲಪ್ಪನವರದು. ನಾವು ರೊಟ್ಟಿ ಮುರಿಯುವಷ್ಟರಲ್ಲಿ ಕಚೇರಿಯಿಂದ ಫೋನು ಬಂತು: ಈಗ ಅವಳೇ ರೋಗಿ, ಅಪೆಂಡಿಕ್ಸ್, ದೊಡ್ಡ ಆಸ್ಪತ್ರೆಯಿರುವ ಆಂಕರೇಜಿಗೆ ಒಯ್ದು ತುರ್ತಾಗಿ ಆಪರೇಷನ್ ಮಾಡಿಸಬೇಕು. ಅವಳನ್ನು ಕರೆತರಬೇಕಾದ ವಿಮಾನ ಡೆಡ್‌ಹಾರ್ಸ್‌ನಲ್ಲಿತ್ತು, ಪೈಲಟ್‌ಗಳು ಹೊರಡಲು ತಯಾರಿದ್ದರು. ಆದರೆ ಇಂಧನ ಹೋಗುವುದಕ್ಕಷ್ಟೇ ಸಾಲುತ್ತಿತ್ತು. ಅತ್ತ ಸಾನ್ವಿಯ ಊರಿನಲ್ಲಿ ಮಂಜು ಕವಿಯುವ ಮುನ್ಸೂಚನೆ, ಇತ್ತ ಇಂಧನದ ಲಾರಿ ಚಳಿಗೆ ಸ್ಟಾರ್ಟ್ ಆಗದು. ಹಾಲಪ್ಪನವರು ಅಪ್ಪಣೆ ಕೊಡಲಿಲ್ಲ.

"ನಿಮ್ಮ ಮಗಳ್ರೀ ಅಕಿ!" ಎಂದು ಅವರ ಹೆಂಡತಿ ಗಂಗವ್ವ ಚೀರಿದರು.

ಸಾನ್ವಿಯೇ ಫೋನು ಮಾಡಿದಳು. "ಅಪ್ಪಾ, ಪ್ಲೇನ್ ಹೊರಟಿತಾ?"

"ಇಲ್ಲವ್ವಾ. ನಾನೇ ನಿಲ್ಸೀನಿ."

ಹಾಗೆಂದವರೇ ಪೆನ್ಸಿಲು ಹಿಡಿದು ಇಂಧನದ ಲೆಕ್ಕವನ್ನು ಮತ್ತೆ ಮೊದಲಿನಿಂದ ಮಾಡತೊಡಗಿದರು. ನನಗೆ ಆ ಮನುಷ್ಯನನ್ನು ಕಂಡು ಭಯವಾಯಿತು.

ಲಾರಿ ಜೀವ ಪಡೆದು, ಇಂಧನ ತುಂಬಿ, ಎರಡು ಗಂಟೆ ತಡವಾಗಿ ಹೊರಟ ವಿಮಾನ ತಿಳಿಯಾದ ಆಕಾಶದಲ್ಲಿ ಸಲೀಸಾಗಿ ಇಳಿಯಿತು. ಮಂಜು ಬರಲೇ ಇಲ್ಲ! ಆದರೆ ಆಂಕರೇಜಿನ ದಾರಿಯಲ್ಲಿ ಸಾನ್ವಿಯ ಅಪೆಂಡಿಕ್ಸ್ ಒಡೆದು, ಮೂರು ದಿನದಲ್ಲಿ ಮುಗಿಯಬೇಕಿದ್ದ ಆಸ್ಪತ್ರೆವಾಸ ಮೂರು ವಾರವಾಯಿತು. ಗಂಗವ್ವ ಗಂಡನೊಡನೆ ಮಾತು ಬಿಟ್ಟರು. ಹಾಲಪ್ಪನವರು ಸೋಮವಾರ ಎಂದಿನಂತೆ ಕೆಲಸಕ್ಕೆ ಹೋದರು.

ಕೊನೆಗೆ ತಾಯಿಯ ಸಿಟ್ಟು ಇಳಿಸಿದವಳು, ಚೇತರಿಸಿಕೊಳ್ಳಲು ಮನೆಗೆ ಬಂದ ಸಾನ್ವಿಯೇ. "ಅವ್ವಾ, ಆ ಪ್ಲೇನ್‌ನಲ್ಲಿ ಮೂರು ಜನ ಇದ್ರಲ್ಲ" ಎಂದಳು. ಇಬ್ಬರು ಪೈಲಟ್‌ಗಳು, ಒಬ್ಬಳು ನರ್ಸು. ಅಷ್ಟು ದಿನವೂ ಆ ಮೂವರು ನನ್ನ ನೆನಪಿಗೂ ಬಂದಿರಲಿಲ್ಲ.

ಮಕ್ಕಳಿಗಾಗಿ ತಮ್ಮ ಪ್ರಾಣ ಕೊಡಬಲ್ಲ ತಂದೆ ತಾಯಿಯರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಪರರ ಮಕ್ಕಳ ಪ್ರಾಣವನ್ನು ಪಣಕ್ಕಿಡಲೊಲ್ಲದವರು ವಿರಳ. ಅಂಥವರೊಡನೆ ಸಂಸಾರ ಮಾಡುವುದು ಕಷ್ಟವೇ. ಆದರೆ ನಾವೆಲ್ಲ ನಮ್ಮ ಮಕ್ಕಳನ್ನು ನಿಶ್ಚಿಂತೆಯಿಂದ ವಿಮಾನ ಹತ್ತಿಸುವುದು, ಎಲ್ಲೋ ಅಂಥವರೊಬ್ಬರು ಕುಳಿತಿದ್ದಾರೆಂಬ ನಂಬಿಕೆಯಿಂದಲೇ.