ಏಳುನೂರು ಪೆಟ್ಟಿಗೆ
ಅಪ್ಪ ಗೋದಾಮಿನಲ್ಲಿ ಪೆಟ್ಟಿಗೆ ಎಣಿಸುವವರು. ನಾಲ್ಕು ಸಾಲು, ಸಾಲಿಗೆ ಏಳು ಅಟ್ಟಿ, ಅಟ್ಟಿಗೆ ಇಪ್ಪತ್ತೈದು ಎಂದರೆ ಸಾಕು, ಮೊದಲು ನಾಲ್ಕನ್ನೂ ಇಪ್ಪತ್ತೈದನ್ನೂ ಜೋಡಿಸಿ ನೂರು ಮಾಡಿಕೊಂಡು, ಕಣ್ಣು ಮಿಟುಕಿಸುವಷ್ಟರಲ್ಲಿ ಏಳುನೂರು ಎನ್ನುತ್ತಿದ್ದರು. ಲಕ್ವ ಹೊಡೆದು ಎರಡು ತಿಂಗಳಾಯಿತು. ಮತ್ತೆ ಕೆಲಸಕ್ಕೆ ಕರೆಯಬಹುದೇ ಎಂದು ನೋಡಲು ಇಂದು ಮೇಸ್ತ್ರಿ ಮನೆಗೆ ಬಂದು ಅದೇ ಲೆಕ್ಕ ಕೇಳಿದರು.

ಅಪ್ಪ ಪೆನ್ಸಿಲ್ ಹಿಡಿದು, "ನಾಲ್ಕೇಳಲೆ ಇಪ್ಪತ್ತೆಂಟು" ಎಂದು ಬರೆದರು. ಅದನ್ನು ಇಪ್ಪತ್ತೈದರಿಂದ ಗುಣಿಸುವಷ್ಟರಲ್ಲಿ ಬೆವರಿಬಿಟ್ಟರು.

"ಏಳ್ನೂರು."

"ನೋಡ್ರಮ್ಮಾ, ಯಜಮಾನ್ರ ತಲೆ ಇನ್ನೂ ಗಟ್ಟಿ! ಸೋಮವಾರ ಬಂದ್ಬಿಡಣ್ಣ" ಎಂದು ಮೇಸ್ತ್ರಿ ನಕ್ಕರು. ಅಮ್ಮ ಕಣ್ಣೊರೆಸಿಕೊಂಡರು.

ಮೇಸ್ತ್ರಿಯನ್ನು ಕಳಿಸಿದ ಮೇಲೆ ಅಪ್ಪ ಮೆಲ್ಲಗೆ ಕೇಳಿದರು: "ಇದಕ್ಕೆ ಸುಲಭದ ದಾರಿ ಒಂದಿತ್ತಲ್ವೇನೇ, ಮಗಳೇ?"

"ಇಲ್ಲಪ್ಪಾ" ಎಂದೆ.