ರಾಮಟೇಕದ ಏರಿನಲ್ಲೊಂದು ಸನ್ಮಾನ

ನಮ್ಮ ಯಜಮಾನರು ವಾಮನರಾಯರಿಗೆ ಯಾರಿಗಾದರೂ ಸನ್ಮಾನ ಮಾಡದಿದ್ದರೆ ಉಂಡ ಅನ್ನ ಅರಗುವುದಿಲ್ಲ. ನಾಗಪುರದ ಕನ್ನಡ ಸಂಘಕ್ಕೆ ಅಧ್ಯಕ್ಷರಾದ ಮೇಲೆ, ಈ ಊರಿಗೆ ವರ್ಗವಾಗಿ ಬಂದ ಕನ್ನಡದವರನ್ನೆಲ್ಲ ಹುಡುಕಿ ಹಿಡಿದು ಶಾಲು ಹೊದಿಸಿದ್ದಾರೆ. ವರ್ಗವಾಗಿ ಹೋಗುವಾಗ ಇನ್ನೊಂದು ಸಲ ಹೊದಿಸಿದ್ದಾರೆ. ಕಾಮ್ಟಿಯ ಮಿಲಿಟರಿ ಕ್ಯಾಂಪಿನ ಒಬ್ಬ ಮೇಜರ್ ಇವರಿಗೆ ಹೆದರಿ ತಾನು ಕನ್ನಡದವನೆಂದು ಹೇಳಿಕೊಳ್ಳುವುದನ್ನೇ ಬಿಟ್ಟಿದ್ದಾನಂತೆ. ನಾನಂತೂ ಇದನ್ನು ನಂಬುತ್ತೇನೆ.

ಎರಡು ಸಾವಿರದ ಇಸವಿಯ ರಾಜ್ಯೋತ್ಸವವನ್ನು ನಾವು ಡಿಸೆಂಬರಿನಲ್ಲಿ ಮಾಡಿದೆವು. ಹಾಲ್ ಸಿಗುವುದೇ ಆವಾಗ. ಬೆಂಗಳೂರಿನಿಂದ ಬರಬೇಕಿದ್ದ ಮುಖ್ಯ ಅತಿಥಿಗಳು ಕೊನೇ ಗಳಿಗೆಯಲ್ಲಿ ಕೈಕೊಟ್ಟರು. ಅವರಿಗೆಂದು ತಂದಿದ್ದ ಮೈಸೂರು ಪೇಟ, ಜರಿ ಶಾಲು, ಗಂಧದ ಹಾರ ಎಲ್ಲವೂ ಪ್ರತಾಪ ನಗರದ ನಮ್ಮ ಮನೆಯ ಅಲ್ಮೇರಾಕ್ಕೆ ಬಂದು ಕೂತವು. ಅಲ್ಮೇರಾ ತೆಗೆದಾಗಲೆಲ್ಲ ಯಜಮಾನರು ನಿಟ್ಟುಸಿರು ಬಿಡುತ್ತಿದ್ದರು. ಪೇಟ ಇದೆ, ತಲೆ ಸಿಗುತ್ತಿಲ್ಲ.

ಅಷ್ಟರಲ್ಲಿ ಸೈಕಲ್ ರೇಸಿನ ಸುದ್ದಿ ಬಂತು. ಯಾವುದೋ ಟಯರ್ ಕಂಪನಿ ನಡೆಸುವ ಒಂದು ದಿನದ ರೇಸು. ಶೋಕಿಗೆ ಸೈಕಲ್ ಹೊಡೆಯುವವರಲ್ಲ, ಕಂಪನಿಗಳ ಸಂಬಳ ತೆಗೆದುಕೊಂಡು ಹೊಡೆಯುವ ವೃತ್ತಿಪರರು ಬರುತ್ತಾರೆ. ನಾಗಪುರದಿಂದ ಹೊರಟು, ಕಾಮ್ಟಿ, ಕನ್ಹಾನ್ ದಾಟಿ ರಾಮಟೇಕಕ್ಕೆ ಹೋಗಬೇಕು. ಅಲ್ಲಿ ರಾಮನ ಗುಡಿ ಇರುವ ಗುಡ್ಡವನ್ನು, ಇಲ್ಲಿಯವರ ಬಾಯಲ್ಲಿ ಗಡವನ್ನು, ಮೂರು ಸಲ ಹತ್ತಬೇಕು. ಮೂರನೆಯ ಸಲ ಮೇಲೆ ಮುಟ್ಟಿದರೆ ರೇಸು ಮುಗಿಯಿತು. ನಾಗಪುರದ ಜನಕ್ಕೆ ಏರು ಎಂಬುದೇ ಅಪರೂಪವಾದ್ದರಿಂದ ಇಲ್ಲಿಯ ಪೇಪರುಗಳು ಅದನ್ನು ಪರ್ವತ ಎಂದು ಬರೆದವು. ನಮ್ಮ ಸಂಘದಲ್ಲಿ ಒಬ್ಬರಿಗೂ ಸೈಕಲ್ ರೇಸಿನ ಗಂಧಗಾಳಿ ಇರಲಿಲ್ಲ. ಆದರೆ ಸವಾರರಲ್ಲಿ ಕಾಶೀನಾಥ ಎಂಬ ವಿಜಾಪುರದ ಕಡೆಯ ಹುಡುಗನೊಬ್ಬನಿದ್ದಾನೆ ಎಂದು ಗೊತ್ತಾದ ದಿನ ಯಜಮಾನರು ಅಲ್ಮೇರಾದ ಮುಂದೆ ನಿಂತು ಸಿಳ್ಳೆ ಹಾಕಿದರು.

ರೇಸಿನ ಹಿಂದಿನ ಸಂಜೆ ಅವನನ್ನು ಮನೆಗೆ ಊಟಕ್ಕೆ ಕರೆತಂದರು. ಇಪ್ಪತ್ತೆರಡರ ಆಸುಪಾಸಿನ ವಯಸ್ಸು, ಬಿಸಿಲಿಗೆ ಸುಟ್ಟ ಮುಖ, ಕುರ್ಚಿಯ ತುದಿಯಲ್ಲಿ ಕೂರುವ ಸ್ವಭಾವ. ಕಂಡ ಹಿರಿಯರ ಕಾಲನ್ನೆಲ್ಲ ಮುಟ್ಟುವವನು. ಯಜಮಾನರ ಕಾಲು ಮುಟ್ಟಿದ, ನನ್ನ ಕಾಲು ಮುಟ್ಟಿದ, ಸಕ್ಕರೆ ಕೇಳಲು ಬಂದಿದ್ದ ಪಕ್ಕದ ಮನೆಯ ಮರಾಠಿ ಅಜ್ಜಿಯ ಕಾಲನ್ನೂ ಮುಟ್ಟಿದ. ಇನ್ನಷ್ಟು ಹಾಕಿಕೋ ಎಂದರೆ ಹಾಕಿಸಿಕೊಂಡ. ಸಾಕು ಎನ್ನಲು ಆ ಹುಡುಗನಿಗೆ ಬಾಯಿಯೇ ಇರಲಿಲ್ಲ.

ಅವತ್ತು ನಮ್ಮ ಅಡುಗೆಮನೆ ಹಿಂದಿನ ಬೀದಿಯ ಸತ್ಯಭಾಮಾಳ ವಶದಲ್ಲಿತ್ತು. ಅವಳೂ ವಿಜಾಪುರದವಳು, ಗಂಡ ಬ್ಯಾಂಕಿನಲ್ಲಿದ್ದಾನೆ, ಮಕ್ಕಳಿಲ್ಲ. ತವರಿನಲ್ಲಿ ಈಗ ಯಾರೂ ಉಳಿದಿಲ್ಲವಾದ್ದರಿಂದ ಆ ಕಡೆ ಹೋಗಿ ವರ್ಷಗಳಾಗಿವೆ. ರೊಟ್ಟಿ ಬಡಿಯುತ್ತ ಬಡಿಯುತ್ತಲೇ ಅವನ ಊರು, ಓಣಿ, ಅಜ್ಜನ ಹೆಸರು ಎಲ್ಲ ಕೇಳಿ, ಎಲ್ಲೆಲ್ಲೋ ಸುತ್ತಿ ಬಳಸಿ, ತಾನು ಇವನಿಗೆ ಸೋದರತ್ತೆಯಾಗಬೇಕು ಎಂದು ತೀರ್ಮಾನ ಕೊಟ್ಟಳು. ಅವನು ಮರುಮಾತಿಲ್ಲದೆ "ಅತ್ತಿ" ಎಂದು ಕರೆಯತೊಡಗಿದ. ಆ ಒಂದು ಮಾತಿಗೆ ಅವಳು ಬಿಸಿ ರೊಟ್ಟಿಯ ಮೇಲಿನ ಬೆಣ್ಣೆಯ ಹಾಗೆ ಕರಗಿಹೋದಳು.

ಊಟಕ್ಕೆ ಬೋಪಣ್ಣನೂ ಬಂದಿದ್ದರು. ಏರ್‌ಫೋರ್ಸಿನಿಂದ ರಿಟೈರ್ ಆದ ಕೊಡಗಿನವರು. ದುರ್ಬೀನು ಒಂದಿದೆ ಎಂಬ ಕಾರಣಕ್ಕೆ ಯಾವ ಆಟದ ಬಗ್ಗೆಯಾದರೂ ಮಾತಾಡುವವರು. "ಏನಪ್ಪ, ನಾಳೆ ಗೆಲ್ತೀಯಾ?" ಎಂದು ಕೇಳಿದರು.

ಕಾಶೀನಾಥ ತಟ್ಟೆಯಲ್ಲಿದ್ದ ಕಡಕ್ ರೊಟ್ಟಿಯ ತುಂಡನ್ನು ಪಲ್ಯಕ್ಕೆ ಆನಿಸಿ ಓರೆಯಾಗಿ ನಿಲ್ಲಿಸಿದ. "ಇದು ಗಡ ಅನ್ರಿ ಕಾಕಾ. ಮ್ಯಾಲ ಮುಟ್ಟೂಕಿಂತ ಮೊದಲ ಒಂದು ತಿರುವು ಐತಿ, ಅಲ್ಲಿ ರಸ್ತೆ ಸ್ವಲ್ಪ ಇಳೀತೈತಿ. ಆ ಇಳಿವಿನಾಗ ಜೋರ ಬಂದ್ರ ಕಡೀ ಏರು ಅರ್ಧ ತಾನ ಹತ್ತತೈತಿ. ಅಲ್ಲಿ ಸ್ಪೀಡ್ ಹೋತಂದ್ರ ಮುಗೀತು. ಮೊದಲ ಮೂರರಾಗ ಬಂದ್ರ ಕಂಪನಿ ಇನ್ನೊಂದು ವರ್ಷ ಇಟ್ಕೋತೈತ್ರಿ. ಇಲ್ಲಂದ್ರ ನಾಳೆನ ಬಿಡತಾರ."

"ಬಿಟ್ಟರೆ?" ಎಂದೆ ನಾನು.

"ಬಿಟ್ರ ಊರಾಗ ಮಾವನ ಟ್ರ್ಯಾಕ್ಟರ್ ಹೊಡೀಬೇಕ್ರಿ," ಎಂದು ನಕ್ಕ. "ಸೈಕಲ್ ಬಿಟ್ರ ನನಗ ಬ್ಯಾರೆ ಏನೂ ಬರೂದಿಲ್ಲ."

ಯಜಮಾನರು ಇದನ್ನೆಲ್ಲ ತಲೆದೂಗಿ ತಲೆದೂಗಿ ಕೇಳಿದರು. ಅದರಲ್ಲಿ ಅವರ ತಲೆಯೊಳಗೆ ಹೋದದ್ದು ಮಾತ್ರ ಒಂದೇ ಸಂಗತಿ: ಗಡದ ಮೇಲೆ ಏರಿಲ್ಲದ ಒಂದು ತಿರುವು ಇದೆ.

ಬಹುಮಾನದ ವೇದಿಕೆಯ ಮೇಲೆ ಕನ್ನಡ ಸಂಘಕ್ಕೆ ಐದು ನಿಮಿಷ ಕೊಡಿ ಎಂದು ಅವರು ರೇಸಿನವರನ್ನು ಮೊದಲೇ ಕೇಳಿದ್ದರು. "ಜಮಣಾರ್ ನಾಹೀ," ಆಗುವುದಿಲ್ಲ ಎಂದು ಅವರು ಕೈ ಆಡಿಸಿದ್ದರು. ಆ ಉರಿ ಇನ್ನೂ ಆರಿರಲಿಲ್ಲ. ಹುಡುಗ ಹೋಟೆಲಿಗೆ ಹೋದ ಮೇಲೆ ಬಾಯಿಬಿಟ್ಟರು.

"ನಮ್ಮ ಹುಡುಗನಿಗೆ ಮೊದಲನೇ ಹಾರ ಅವರು ಹಾಕೋದೇನು? ಅವರಿಗಿಂತ ಮುಂಚೆ ನಾವು ಹಾಕೋಣ. ಆ ತಿರುವಿನಲ್ಲೇ ಜಮಖಾನೆ ಹಾಸೋಣ. ಬರೋಬರ್ ಎರಡು ನಿಮಿಷದ ಕೆಲಸ."

"ರೇಸು ಇನ್ನೂ ನಡೀತಿರುತ್ತಲ್ರೀ," ಎಂದೆ.

"ಅಷ್ಟೊತ್ತಿಗೆ ಗೆದ್ದಿರ್ತಾನೆ ಕಣೇ. ಇನ್ನೇನು ಉಳಿದಿರುತ್ತೆ, ಒಂದು ಫರ್ಲಾಂಗು."

"ಆ ಫರ್ಲಾಂಗು ಹತ್ತೋದೇ ಕಷ್ಟ ಅಂತ ತಾನೇ ಅವನು ರೊಟ್ಟಿ ನಿಲ್ಲಿಸಿ ತೋರಿಸಿದ್ದು? ನಿಮ್ಮ ಕಣ್ಣೆಲ್ಲಿತ್ತು?"

"ಅಂಬುಜಾ, ನಿನಗೆ ಸಮಾಜದ ಕೆಲಸ ಅರ್ಥವಾಗಲ್ಲ," ಎಂದರು. ಸತ್ಯಭಾಮಾಳಾದರೂ ನನ್ನ ಪಕ್ಷ ಹಿಡಿಯುತ್ತಾಳೆಂದು ನೋಡಿದರೆ, ಅವಳು ಆಗಲೇ ಆರತಿಗೆ ಬತ್ತಿ ಹೊಸೆಯುವ ಯೋಚನೆಯಲ್ಲಿದ್ದಳು. "ಮನಿ ಮಗ ಗೆದ್ದು ಬರೂ ಹೊತ್ತಿನಾಗ ದೃಷ್ಟಿ ತಗೀದಿದ್ರ ಹೆಂಗ ಅಕ್ಕಾ? ಎಷ್ಟ ಮಂದಿ ಕಣ್ಣು ಬೀಳತಾವ ಅವನ ಮ್ಯಾಲ," ಎಂದಳು. ನಾನು ಆಡುವಷ್ಟು ಆಡಿದೆ, ಜಗಳ ಮಾಡುವಷ್ಟು ಮಾಡಿದೆ. ಗೋಡೆಗೆ ಹೇಳಿದ್ದರೆ ಅದಾದರೂ ಕೇಳುತ್ತಿತ್ತು.

ಮರುದಿನ ಒಂದು ಮೆಟಡೋರ್ ತುಂಬ ಕನ್ನಡಿಗರು ಗಡ ಹತ್ತಿದೆವು. ಜಮಖಾನೆ ಬಂತು, ಪೇಟ ಬಂತು, ಬುಟ್ಟಿ ತುಂಬ ಕಿತ್ತಳೆ ಬಂತು, ಉದ್ದನೆಯ ಬ್ಯಾನರೂ ಬಂತು. ಬ್ಯಾನರನ್ನು ಹುಡುಗರ ಕೈಗೆ ಕೊಟ್ಟರೆ ತಲೆಕೆಳಗಾಗಿ ಹಿಡಿದರು. ಇಲ್ಲಿ ಹುಟ್ಟಿದ ಮಕ್ಕಳಿಗೆ ಕನ್ನಡ ಓದಲು ಎಲ್ಲಿ ಬರುತ್ತದೆ. ಬಂದೋಬಸ್ತಿನ ಪೊಲೀಸಪ್ಪ ಕುಂಕುಮ, ದೀಪ, ತೆಂಗಿನಕಾಯಿ ನೋಡಿ, "ಪೂಜಾ ಆಹೇ ಕಾ?" ಎಂದು ಕೇಳಿದ. ಯಜಮಾನರು "ಹೋ," ಹೌದು ಎಂದರು. ಅವನು ಟೋಪಿ ತೆಗೆದು ಕೈಮುಗಿದು, ಪೂಜೆಗೆ ತೊಂದರೆಯಾಗದಂತೆ ಉಳಿದ ಜನರನ್ನು ದೂರ ಸರಿಸಿದ.

ಮೊದಲ ಸುತ್ತಿನಲ್ಲಿ ಸವಾರರು ಗುಂಪಾಗಿ ಬಂದರು. ಎಲ್ಲರಿಗೂ ಹೆಲ್ಮೆಟ್ಟು, ಎಲ್ಲರಿಗೂ ಕಪ್ಪು ಕನ್ನಡಕ. ಯಾರು ಯಾರೆಂದು ಬ್ರಹ್ಮನಿಗೂ ಗೊತ್ತಾಗದು. ನಮ್ಮವರು ಮುಂದಿದ್ದ ಎತ್ತರದವನನ್ನು ನೋಡಿ "ಕಾಶೀನಾಥನಿಗೆ ಜಯವಾಗಲಿ" ಎಂದು ಗಂಟಲು ಹರಿಯುವಂತೆ ಕೂಗಿದರು. ಅವನು ಪಂಜಾಬಿನವನಂತೆ. ಬಹಳ ಸಂತೋಷಪಟ್ಟು ಕೈಬೀಸಿ ಹೋದ. ನಿಜವಾದ ಕಾಶೀನಾಥ ಗುಂಪಿನ ನಡುವೆ ಒಂದೂ ಜಯಕಾರವಿಲ್ಲದೆ ದಾಟಿದ.

ಎರಡನೆಯ ಸುತ್ತಿನಲ್ಲಿ ಅವನು ಮೊದಲ ನಾಲ್ಕೈದು ಜನರೊಳಗಿದ್ದ. ಜಮಖಾನೆಯ ಅಂಚು ರಸ್ತೆಗೆ ಬಂದದ್ದನ್ನು ಕಂಡು, ಆಚೆ ಎಳೆಯಿರಿ ಎಂದು ಕೈಯಲ್ಲಿ ಸನ್ನೆ ಮಾಡುತ್ತ ಹೋದ. ನಮ್ಮವರೆಲ್ಲ ತಿರುಗಿ ಕೈಬೀಸಿದರು. "ನೋಡಿದಿರಾ, ಅಷ್ಟು ಕಷ್ಟದಲ್ಲೂ ಗುರುತು ಹಿಡಿದ," ಎಂದು ಯಜಮಾನರು ಕಣ್ಣೊರೆಸಿಕೊಂಡರು. ಜಮಖಾನೆ ಎಳೆದವಳು ನಾನು.

ಮೂರನೆಯ ಸುತ್ತಿಗೆ ಬೋಪಣ್ಣ ಬಂಡೆಯ ಮೇಲೆ ಹತ್ತಿ ದುರ್ಬೀನು ಹಿಡಿದರು. ಸ್ವಲ್ಪ ಹೊತ್ತಿಗೆ ಅಲ್ಲಿಂದಲೇ ಕೂಗಿದರು. "ಒಬ್ಬನೇ ಬರ್ತಿದ್ದಾನೆ ಮಾರಾಯ್ರೇ. ನಮ್ಮವನೇ. ಹಿಂದೆ ಯಾರೂ ಕಾಣ್ತಿಲ್ಲ."

ಆಮೇಲಿನದನ್ನು ಏನು ಹೇಳಲಿ. ಸೈಕಲ್ ನೋಡಿ ಕಣ್ಣೀರು ಹಾಕುವ ಹೆಂಗಸು ನಾನಲ್ಲ, ಅವತ್ತು ಹಾಕಿದೆ. ಉತ್ತರ ಕರ್ನಾಟಕದವರು ದಕ್ಷಿಣದವರು ಎಂದು ವರ್ಷವಿಡೀ ಒಬ್ಬರನ್ನೊಬ್ಬರು ಅಣಕಿಸುವ ನಮ್ಮ ಜನ ಕೈಕೈ ಹಿಡಿದು ಕುಣಿದರು. ಹುಡುಗ ತಿರುವಿನಲ್ಲಿ ಕಾಣಿಸಿದ. ಬಾಯಿ ತೆರೆದಿತ್ತು, ಮೈ ಸೈಕಲಿನ ಮೇಲೆ ಪೂರ್ತಿ ಬಗ್ಗಿತ್ತು. ಆ ಇಳಿವಿನಲ್ಲಿ ಅವನು ಬಂದ ವೇಗಕ್ಕೆ ಮುಂದಿನ ಏರು ಅರ್ಧವಲ್ಲ, ಪೂರ್ತಿಯೇ ಹತ್ತುತ್ತಿತ್ತು.

ಸತ್ಯಭಾಮಾ ಆರತಿಯ ತಟ್ಟೆ ಹಿಡಿದು, ದೀಪಕ್ಕೆ ಕೈ ಮರೆಮಾಡಿಕೊಂಡು, ನಡುರಸ್ತೆಗೆ ಹೋಗಿ ನಿಂತಳು.

ಅವಳ ಎಡಕ್ಕೆ ಒಂದು ಸೈಕಲ್ ದಾಟುವಷ್ಟು ಜಾಗವಿತ್ತು. ಅವನ ತಲೆ ಆ ಕಡೆ ತಿರುಗಿದ್ದನ್ನು ನಾನು ಕಂಡೆ. ಮತ್ತೆ ಅದು ಅವಳ ಮುಖದ ಕಡೆ ತಿರುಗಿದ್ದನ್ನೂ ಕಂಡೆ. ತನಗಾಗಿ ಆರತಿ ಹಿಡಿದು ನಿಂತ ಮುತ್ತೈದೆಯನ್ನು ಬಳಸಿಕೊಂಡು ಓಡಿಹೋಗುವುದನ್ನು ಅವನಿಗೆ ಯಾವ ಕೋಚೂ ಕಲಿಸಿರಲಿಲ್ಲ. ಎರಡೂ ಕೈಯಲ್ಲಿ ಬ್ರೇಕ್ ಹಿಡಿದ. ಚಕ್ರ ಕಿರ್ರೆಂದು ಕಿರುಚಿ, ಅವನ ಒಂದು ಕಾಲು ಜಮಖಾನೆಯ ಮೇಲೆ ಬಂತು.

"ಅತ್ತಿ, ಹೋಗಬೇಕ್ರಿ," ಎಂದು ಏದುಸಿರಿನಲ್ಲಿ ಹೇಳಿದ.

"ಒಂದ ನಿಮಿಷ ನನ್ನಪ್ಪಾ," ಎಂದು ಅವಳು ದೀಪ ಎತ್ತಿದಳು. ಹಚ್ಚಿದ ಕುಂಕುಮ ಬೆವರಿನೊಂದಿಗೆ ಅವನ ಕಣ್ಣಿಗೇ ಇಳಿಯಿತು. ಯಜಮಾನರು ಪೇಟ ತೊಡಿಸಲು ಹೋದರು. ಹೆಲ್ಮೆಟ್ಟಿನ ಮೇಲೆ ಅದು ಕೂರಲಿಲ್ಲ. ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿ ತೆಗೆದರು. "ಬಿಡ್ರೀ, ಹೋಗ್ಲಿ ಅವನು," ಎಂದು ನಾನು ಅವರ ತೋಳು ಹಿಡಿದು ಎಳೆದರೆ, ಫೋಟೋಗೆ ಅಡ್ಡ ಬಂದೆ ಎಂದು ನನ್ನ ಮೇಲೆಯೇ ಸಿಡುಕಿದರು. ಶಾಲು ಹೊದಿಸುವಷ್ಟರಲ್ಲಿ ಒಬ್ಬ ದಾಟಿದ. ಅವನ ಹಿಂದೆಯೇ ಇಬ್ಬರು ಜೊತೆಯಾಗಿ ದಾಟಿದರು. ಪಂಜಾಬಿನವನು ನಮ್ಮನ್ನು ನೋಡಿ ಇನ್ನೊಂದು ಸಲ ಕೈಬೀಸಿ ದಾಟಿದ.

ಕಾಶೀನಾಥ ಹಾರಕ್ಕೆ ಕಾಯಲಿಲ್ಲ. ನಿಂತ ಸೈಕಲ್ ಆ ಏರಿಗೆ ಏಳಲಿಲ್ಲ. ಇಳಿದು, ದಬ್ಬಿಕೊಂಡು ಓಡಿದ. ಪೇಟ ತಲೆಯ ಮೇಲೇ ಇತ್ತು. ಐದನೆಯವನಾಗಿ ಮುಟ್ಟಿದ.

ಹಿಂದಿರುಗುವ ದಾರಿಯಲ್ಲಿ ಮೆಟಡೋರಿನ ತುಂಬ ವಿಮರ್ಶೆ ನಡೆಯಿತು. ಕೊನೇ ಏರಿನಲ್ಲಿ ದಮ್ಮು ಸಾಲಲಿಲ್ಲ ಎಂದರು ಬೋಪಣ್ಣ. ಹುಡುಗ ದಬ್ಬಿಕೊಂಡು ಓಡಬಾರದಿತ್ತು, ಅದು ನೋಡಲು ಚೆನ್ನಾಗಿರಲಿಲ್ಲ ಎಂದರು ಇನ್ನೊಬ್ಬರು. ರೇಸಿನವರು ಬೇಕೆಂತಲೇ ಅಂಥ ಏರು ಇಟ್ಟಿದ್ದಾರೆ ಎಂದರು ಮತ್ತೊಬ್ಬರು, ಗಡವನ್ನು ನಿನ್ನೆ ಮೊನ್ನೆ ತಂದು ಇಟ್ಟ ಹಾಗೆ. "ಏನೇ ಹೇಳಿ, ಸಂಸ್ಕಾರ ಇರೋ ಹುಡುಗ. ನಿಂತನಲ್ಲ," ಎಂದರು ನಮ್ಮ ಯಜಮಾನರು. ನಾನು ಕಿಟಕಿಯ ಕಡೆ ತಿರುಗಿದೆ.

ಕನ್ಹಾನ್ ಸೇತುವೆಯ ಹತ್ತಿರ ಸತ್ಯಭಾಮಾ ನನ್ನ ಮಗ್ಗುಲಿಗೆ ಸರಿದಳು. "ಅಕ್ಕಾ, ಐದನೇ ನಂಬರ್ ಅಂದ್ರ, ಮೂರರಾಗ ಬರೂದಿಲ್ಲೇನು?" ಎಂದು ಮೆಲ್ಲಗೆ ಕೇಳಿದಳು.

"ಇಲ್ಲಮ್ಮ," ಎಂದೆ.

ಹಾರ ಹಾಕುವುದು ಬಾಕಿ ಉಳಿಯಿತಲ್ಲ, ಅದಕ್ಕೆ ಸಂಜೆ ಸಂಘದ ಹಾಲಿಗೆ ಅವನನ್ನು ಕರೆಸಿದರು. ಕರೆದರು, ಬಂದ. ಆಟೋದಲ್ಲಿ ಬಂದು, ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಾಗಿಲ ಹತ್ತಿರ ನಿಂತ. ಕಣ್ಣು ಇನ್ನೂ ಕೆಂಪಗಿತ್ತು.

"ಸೈಕಲ್ ಎಲ್ಲಪ್ಪ? ಫೋಟೋಗೆ ಬೇಕಿತ್ತಲ್ಲ," ಎಂದರು ಯಜಮಾನರು.

"ಅದು ಕಂಪನೀದ್ರಿ. ಮಧ್ಯಾಹ್ನನ ತಿರುಗಿ ತಗೊಂಡ್ರು. ನಾಳೆ ಗಾಡಿಗೆ ಊರಿಗೆ ಹೊಂಟೇನಿ."

ಈಗಲಾದರೂ ಇವರಿಗೆ ನಾಚಿಕೆಯಾಗುತ್ತದೆ ಎಂದುಕೊಂಡೆ. ಯಜಮಾನರು ಕ್ಷಣಕಾಲ ಚಿಂತಿಸಿ, ಹಾಲಿನ ವಾಚ್‌ಮನ್ನನ ಸೈಕಲನ್ನು ಒಳಗೆ ತರಿಸಿದರು. ಹ್ಯಾಂಡಲಿಗೆ ಊಟದ ಡಬ್ಬಿಯ ಚೀಲ ನೇತಾಡುತ್ತಿತ್ತು. ಪೇಟ ತೊಡಿಸಿ, ಶಾಲು ಹೊದಿಸಿ, ಹಾರ ಹಾಕಿ ಕಾಶೀನಾಥನನ್ನು ಅದರ ಮೇಲೆ ಕೂರಿಸಿದರು. ಕೂತ ಕೂಡಲೇ ಅವನ ಬೆರಳುಗಳು ಅಭ್ಯಾಸಬಲದಿಂದ ಬ್ರೇಕ್ ಒತ್ತಿ ನೋಡಿದವು.

"ಇದರ ಬ್ರೇಕ್ ಹಿಡಿಯೂದಿಲ್ರಿ," ಎಂದ.

"ನೀನೇನು ಓಡಿಸಬೇಕಾಗಿಲ್ಲಪ್ಪ. ಸುಮ್ನೆ ಕೂತ್ಕೋ, ಸಾಕು."

ಅವನು ಯಜಮಾನರನ್ನು ನೋಡಲಿಲ್ಲ, ಸತ್ಯಭಾಮಾಳನ್ನು ನೋಡಿದ. "ಮುಂಜಾನೆ ಇಂಥಾ ಸೈಕಲ್ ಇದ್ದಿದ್ರ ಚಲೋ ಆಗತಿತ್ತು, ಅತ್ತಿ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ.

ಎಲ್ಲರೂ ನಕ್ಕರು. ಹುಡುಗನಿಗೆ ತಮಾಷೆಯೂ ಗೊತ್ತು ಎಂದು ಬೋಪಣ್ಣ ಚಪ್ಪಾಳೆ ತಟ್ಟಿದರು. ಫೋಟೋದವನು ಎರಡು ಸಲ ಫ್ಲ್ಯಾಶ್ ಹೊಡೆದ. ಸತ್ಯಭಾಮಾ ಮಾತ್ರ ಜನರನ್ನು ತಳ್ಳಿಕೊಂಡು ಮುಂದೆ ಬಂದಳು. ಅವನ ತಲೆಯ ಮೇಲಿನ ಪೇಟ ತೆಗೆದು ಯಜಮಾನರ ಕೈಗೆ ತುರುಕಿದಳು.

"ಇಳಿಯಪ್ಪಾ, ಸಾಕು. ಮನಿಗೆ ನಡಿ. ಒಂದು ಬಿಸಿ ರೊಟ್ಟಿ ತಿಂದು ಹೋಗುವಂತಿ."

ಅವನು ಸೈಕಲಿನಿಂದ ಇಳಿದ. ಶಾಲು ಮಡಿಸಿ ಕುರ್ಚಿಯ ಮೇಲಿಟ್ಟ. ಬಾಗಿ ಅವಳ ಕಾಲು ಮುಟ್ಟಿದ.

"ಬ್ಯಾಡ್ರಿ ಅತ್ತಿ," ಎಂದ.

ಆ ಎರಡು ದಿನದಲ್ಲಿ ಅವನು ಯಾರಿಗಾದರೂ ಬ್ಯಾಡ ಎಂದದ್ದು ಅದೊಂದೇ ಸಲ.